ಬೀಗರು ಕೊಟ್ಟ ಕಾರ್ಬೈನು

ಹಿರೇಬೆಂಡಿಗೇರಿ, ತಾ. ಶಿಗ್ಗಾಂವಿ
18-9-1979

ತಿಳವಳ್ಳಿಯ ಬೀಗರಾದ ಗುದ್ಲೆಪ್ಪನವರಿಗೆ ಶಿದ್ಲಿಂಗಪ್ಪನ ಶರಣಾರ್ಥಿ.

ಹೊಲದ ಗೋವಿನಜೋಳ ಒಂದನ್ನು ಬಿಟ್ಟರೆ ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಹೊಳೆವ್ವ ನಿಮ್ಮ ಮನೆಗೆ ಹೊಂದಿಕೊಂಡಿದ್ದಾಳೆಂದು ಅಳಿಯ ಮೈಲಾರಪ್ಪನವರು ಬಂಕಾಪುರದ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಸಂತೋಷವಾಯಿತು. ಈಗ ಬಂದೂಕಿನ ವಿಷಯ.

ಮದುವೆಯ ಹಂದರದಲ್ಲಿ ನೀವು ಎದ್ದು ನಿಂತು, “ನಾವು ಬೇಡೋ ಮಂದಿ ಅಲ್ಲರಿ, ಕೊಡೋ ಮಂದಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನಿಮ್ಮ ಮಿಲಿಟರಿ ಕಾಲದ ಕಾರ್ಬೈನನ್ನು ನನ್ನ ಕೈಗೆ ಕೊಟ್ಟಿರಿ. ಹಂದಿಗಳ ಕಾಟಕ್ಕೆ ಬೇಸತ್ತವನು ನಾನು, ಆ ಹೊತ್ತು ನನ್ನ ಕಣ್ಣಲ್ಲಿ ನೀರೇ ಬಂತು. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಧಾರವಾಡಕ್ಕೆ ಓಡಾಡಿ ಚಪ್ಪಲಿ ಸವೆಸಿದೆ. ಇಷ್ಟೆಲ್ಲ ಆದ ಮೇಲೆ ಮೊನ್ನೆ ಸಂಜೆ ಹೊಲದ ಬದುವಿನ ಮೇಲೆ ಕುಳಿತೆ. ಹೊತ್ತು ಮುಳುಗುವ ಮುಂಚೆಯೇ ಹಂದಿ ಬಂತು. ಗುರಿ ಹಿಡಿದು ಬಂದೂಕಿನ ಕುದುರೆ ಎಳೆದೆ. ‘ಟಕ್’ ಎಂದಿತು, ಅಷ್ಟೆ. ಹಂದಿ ತಲೆಯೆತ್ತಿ ನೋಡಿ, ಯಾರೋ ನಮ್ಮವರೇ ಎಂದುಕೊಂಡು ಮತ್ತೆ ತೆನೆಗೆ ಬಾಯಿ ಹಾಕಿತು. ಇನ್ನೊಂದು ಕಾಡತೂಸು ಹಾಕಿ ಎಳೆದೆ. ಈ ಸಲ ಹಾರಿತು. ಹಾರಿ, ಪಕ್ಕದ ಫಕ್ಕೀರಪ್ಪನ ಹೊಲದ ಬೆದರುಗೊಂಬೆಯ ಮಡಕೆ ತಲೆಯನ್ನು ಒಡೆಯಿತು. ಹಂದಿ ಇದ್ದದ್ದು ನನ್ನ ಎದುರಿಗೆ. ಬೆದರುಗೊಂಬೆ ಇದ್ದದ್ದು ಬಲಕ್ಕೆ, ಬಹಳ ಬಲಕ್ಕೆ.

ನೋಡಿಕೊಳ್ಳುವುದರಲ್ಲಿ ನನ್ನದೇನೂ ಕಡಿಮೆ ಇಲ್ಲ. ಅಮಾವಾಸ್ಯೆ ಅಮಾವಾಸ್ಯೆಗೆ ಬಂಡಿಯ ಅಚ್ಚಿಗೆ ಹಾಕಿದಂತೆ ಔಡಲೆಣ್ಣೆ ಹೊಯ್ಯುತ್ತೇನೆ. ಮನೆಯಾಕೆ ಶಿವಬಸವ್ವ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಾಳೆ. ಇದಕ್ಕೆ ಬೇರೆ ಏನಾದರೂ ಉಪಾಯ ಇದ್ದರೆ ತಿಳಿಸಿರಿ.

ನಿಮ್ಮ ಬೀಗ,
ಶಿದ್ಲಿಂಗಪ್ಪ


ತಿಳವಳ್ಳಿ, ತಾ. ಹಾನಗಲ್ಲ
2-10-1979

ಹಿರೇಬೆಂಡಿಗೇರಿಯ ಶಿದ್ಲಿಂಗಪ್ಪನವರಿಗೆ ನಿವೃತ್ತ ಹವಾಲ್ದಾರ ಗುದ್ಲೆಪ್ಪನ ನಮಸ್ಕಾರ.

ಪತ್ರ ಓದಿ ನಮ್ಮ ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಔಡಲೆಣ್ಣೆಯೇ? ಬಂದೂಕಿಗೆ ಭೇದಿ ಮಾಡಿಸುತ್ತೀರಾ ಬೀಗರೇ? ಔಡಲೆಣ್ಣೆ ಒಣಗಿದರೆ ಅಂಟಾಗುತ್ತದೆ. ಒಳಗಿನ ಮೊಳೆ ಆ ಅಂಟಿನಲ್ಲಿ ಸಿಕ್ಕಿಕೊಂಡರೆ ಕಾಡತೂಸಿನ ಬೆನ್ನಿಗೆ ಹೇಗೆ ಬಡಿಯಬೇಕು? ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿರಿ.

ಇನ್ನು ಗುರಿ. ಕಾರ್ಬೈನು ಸಿಪಾಯಿಗಳ ಆಯುಧ. ಉದ್ದ ಬಂದೂಕಿಗಿಂತ ಗಿಡ್ಡ, ಹಗುರ, ಚುರುಕು. ಅದನ್ನು ಹಿಡಿಯುವ ಕೈಗೂ ತಾಲೀಮು ಬೇಕು. ನೇಗಿಲ ಮೇಳಿ ಹಿಡಿದಂತೆ ಅಮುಕಿ ಹಿಡಿದರೆ ಗುಂಡು ಬಲಕ್ಕೂ ಹೋಗುತ್ತದೆ, ಎಡಕ್ಕೂ ಹೋಗುತ್ತದೆ. ಅದರಲ್ಲಿ ಆಯುಧದ ತಪ್ಪಿಲ್ಲ. ಮಿಲಿಟರಿಯವರು ಲಿಲಾವಿನಲ್ಲಿ ಹರಾಜಿಗಿಟ್ಟ ಹತ್ತಾರು ಬಂದೂಕುಗಳಲ್ಲಿ ನಾನೇ ಕೈಯಾರೆ ಆರಿಸಿದ ಮಾಲು ಅದು. ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವಾದರೂ ಅಂಗಳದಲ್ಲಿ ಅದರಿಂದ ಮೂರು ಗುಂಡು ಹಾರಿಸುವ ರೂಢಿ ಇತ್ತು. ಒಮ್ಮೆಯೂ ಮೋಸ ಮಾಡಲಿಲ್ಲ.

ಆಕಾಶಕ್ಕೆ ಗುರಿ ತಪ್ಪುವುದೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ.

ಇಂತು,
ಗುದ್ಲೆಪ್ಪ


ಹಿರೇಬೆಂಡಿಗೇರಿ
26-10-1979

ಗುದ್ಲೆಪ್ಪನವರಿಗೆ,

ಸೀಮೆಎಣ್ಣೆಯಲ್ಲಿ ತೊಳೆದೆ. ಒಣಬಟ್ಟೆಯಿಂದ ಒರೆಸಿದೆ. ‘ಟಕ್’ ಮೊದಲು ಮೆತ್ತಗಿತ್ತು, ಈಗ ಸ್ಪಷ್ಟವಾಗಿ ಕೇಳುತ್ತದೆ. ಆದ ಲಾಭ ಅಷ್ಟೇ. ನಾಲ್ಕಕ್ಕೆ ಒಂದು ಕಾಡತೂಸು ಹಾರಿದರೆ ನನ್ನ ಪುಣ್ಯ.

ಹಿಡಿಯುವ ಕೈಯ ಮಾತು ಹೇಳಿದಿರಿ. ಆಗಲಿ ಎಂದು ನನ್ನ ಕೈ ಬಿಟ್ಟು ಬೇರೆ ಕೈಗೆ ಕೊಟ್ಟೆ. ಸವಣೂರಿನಲ್ಲಿ ಬಂದೂಕು ರಿಪೇರಿ ಮಾಡುವ ಮಲ್ಲಿಕಸಾಬ ಇದ್ದಾನೆ. ಊರ ಹೊರಗಿನ ಜಾಲಿಗಿಡಕ್ಕೆ ಹಳೆಯ ಮೊರ ಕಟ್ಟಿ, ಅವನೇ ಮಲಗಿ, ಮರಳಿನ ಚೀಲದ ಮೇಲೆ ನಳಿಗೆ ಇಟ್ಟು ಹೊಡೆದ. ಮೊರಕ್ಕೆ ಒಂದೂ ತಾಗಲಿಲ್ಲ. ಜಾಲಿಗಿಡಕ್ಕೂ ತಾಗಲಿಲ್ಲ. ಎದ್ದು ಮೈ ಕೊಡವಿಕೊಂಡು ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಇದು ಹುಟ್ಟಿದ್ದು ಉದ್ದ ಬಂದೂಕಾಗಿ ರೀ. ಯಾರೋ ನಳಿಗಿ ಕೊಯ್ದು ಗಿಡ್ಡ ಮಾಡ್ಯಾರ. ತುದಿಯಾಗಿನ ಗುರಿಮುಳ್ಳು ಕಣ್ಣಂದಾಜಿನ ಮ್ಯಾಲ ಬೆಸದಾರ. ಇದನ್ನ ಕಾರ್ಬೈನು ಅಂತ ನಿಮಗ ಯಾರ ಹೇಳಿದ್ರು?”

ನಮ್ಮ ಬೀಗರು ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮಾನೌಮಿಯ ಖಂಡೆಪೂಜೆಗೆ ಕುಡುಗೋಲು, ಕೊಡಲಿ, ನೇಗಿಲ ಕುಳಗಳ ಜೊತೆ ಇದನ್ನೂ ಇಟ್ಟಿದ್ದೆವು. ಉಳಿದವೆಲ್ಲ ದುಡಿಯುತ್ತವೆ. ಇದೊಂದು ಮಾತ್ರ ದುಡಿಯದೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ನೋಡಿದರೇ ನನಗೆ ಹೇಸಿಗೆ ಬರುತ್ತದೆ. ಗೋವಿನಜೋಳ ಅರ್ಧ ಹಂದಿಗಳ ಪಾಲಾಯಿತು. ಅದಕ್ಕೆ ಅಷ್ಟು ಸಿಟ್ಟಿಲ್ಲ. ಹಂದರದಲ್ಲಿ ಕಣ್ಣೀರು ಹಾಕಿದೆನಲ್ಲ, ಅದಕ್ಕೆ ಸಿಟ್ಟು. ಕೊಡುವ ಮಂದಿ ಕೊಡುವ ಮುಂಚೆ ಒಂದು ಸಲ ನೋಡಿ ಕೊಡಬೇಕು ಬೀಗರೇ.

ಶಿದ್ಲಿಂಗಪ್ಪ


ತಿಳವಳ್ಳಿ
2-12-1979

ಅಪ್ಪ ಅವ್ವನಿಗೆ ಹೊಳೆವ್ವ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಬಳೆಗಾರ್ತಿ ಹಾಜರಾಬಿಯ ಕೈಯಲ್ಲಿ ಕೊಟ್ಟಿದ್ದೇನೆ. ಅಂಚೆಗೆ ಹಾಕಿದರೆ ಮಾವನವರೇ ಒಡೆದು ಓದುತ್ತಾರೆ. ಅಪ್ಪ, ನೀನು ನನಗೆ ಬರೆದದ್ದನ್ನೂ ಅವರೇ ಮೊದಲು ಓದುವುದು. ಅದಕ್ಕೇ ನಿನ್ನ ಕಾರ್ಡಿಗೆಲ್ಲ ನಾನು ‘ಚೆನ್ನಾಗಿದ್ದೇನೆ’ ಎಂದಷ್ಟೇ ಉತ್ತರ ಬರೆದದ್ದು.

ಅವ್ವ, ನನಗೆ ಐದು ತಿಂಗಳು. ಈ ಮಾತನ್ನು ನಿಮಗೆ ಮೊದಲೇ ಹೇಳಿ ಕಳಿಸಬೇಕಿತ್ತು, ಈ ಮನೆಯವರು ಕಳಿಸಲಿಲ್ಲ. ಅಪ್ಪನ ಪತ್ರ ಬಂದ ದಿನದಿಂದ ಮಾವನವರು ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲ. ಪತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತವರಿಗೆಲ್ಲ ಓದಿ ತೋರಿಸುತ್ತಾರೆ. “ನಮ್ಮ ವಸ್ತುಕ್ಕ ಹೇಸಿಗಿ ಪಡೋ ಮನಿಗಿ ನಮ್ಮ ಸೊಸಿನ್ನ ಯಾಕ ಕಳಸೂಣು? ಹಡಿಯೋದು ಇಲ್ಲೇ ಹಡೀಲಿ” ಎನ್ನುತ್ತಾರೆ. ಅತ್ತೆಯವರು ತಮ್ಮ ಪಾಡಿಗೆ ರೊಟ್ಟಿ ಬಡಿಯುತ್ತಿರುತ್ತಾರೆ. ನನ್ನ ಗಂಡ ತನ್ನ ಅಪ್ಪನ ಎದುರು ಕೆಮ್ಮುವುದೂ ಇಲ್ಲ.

ಸಿಟ್ಟಿನಲ್ಲಿ ಆಡಿದ ಮಾತು, ಇಳಿಯುತ್ತದೆ ಎಂದು ನಾನು ಸುಮ್ಮನಿದ್ದೆ. ಆದರೆ ಹಿರಿಯ ಸೊಸೆ ಮಂಜವ್ವಕ್ಕ ಹಿತ್ತಲಲ್ಲಿ ಕೂರಿಸಿಕೊಂಡು ತನ್ನ ಕಥೆ ಹೇಳಿದಳು. ಅವಳ ತವರು ಹಿರೇಕೆರೂರಿನ ಕಡೆ. ಅವಳ ಅಪ್ಪನಿಗೆ ಮದುವೆಯಲ್ಲಿ ಇವರು ಒಂದು ಎತ್ತು ಕೊಟ್ಟಿದ್ದರಂತೆ. ಅದು ಕುಂಟುತ್ತಿತ್ತು. ಕುಂಟುತ್ತದೆ ಎಂದು ಅವರು ಹೇಳಿ ಕಳಿಸಿದರು. ಅಷ್ಟಕ್ಕೇ ಇವರು ಮಂಜವ್ವಕ್ಕನನ್ನು ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಲಿಲ್ಲ. ಎರಡು ದಿನ ಹೆರಿಗೆಯ ಬ್ಯಾನಿ ತಿಂದಳಂತೆ. ದವಾಖಾನೆಗೆ ಒಯ್ಯಿರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೂಸು ಉಳಿಯಲಿಲ್ಲ. “ನಿಮ್ಮಪ್ಪಗ ಹೇಳು, ಕುಂಟೋ ಎತ್ತು ಓಡತೈತಿ ಅಂತ ಬರೀಲಿ” ಎಂದಳು.

ಅಪ್ಪ, ನನಗೆ ಹೆದರಿಕೆಯಾಗುತ್ತದೆ. ಬಂದೂಕು ಚೆನ್ನಾಗಿದೆ ಎಂದು ಒಂದು ಸಾಲು ಬರೆ. ನೀನು ಸುಳ್ಳು ಹೇಳುವವನಲ್ಲ, ಗೊತ್ತು. ಒಂದೇ ಸಾಲು.

ನಿನ್ನ ಮಗಳು,
ಹೊಳೆವ್ವ


ಹಿರೇಬೆಂಡಿಗೇರಿ
10-12-1979

ತಿಳವಳ್ಳಿಯ ಬೀಗರಾದ, ಮಾಜಿ ಸೈನಿಕರಾದ, ಗುದ್ಲೆಪ್ಪನವರಿಗೆ ಶಿದ್ಲಿಂಗಪ್ಪನ ಅನಂತ ಶರಣಾರ್ಥಿ.

ಹಿಂದಿನ ಪತ್ರವನ್ನು ಸಿಟ್ಟಿನಲ್ಲಿ ಬರೆದೆ. ಮರೆತುಬಿಡಿ. ನೀವು ಹೇಳಿದಂತೆ ಕೈಗೆ ತಾಲೀಮು ಕೊಟ್ಟೆ. ಈಗ ಬಂದೂಕು ಹೇಳಿದ ಮಾತು ಕೇಳುತ್ತದೆ. ಹೋದ ವಾರ ಹಿಂಗಾರಿ ಜೋಳಕ್ಕೆ ಬಂದಿದ್ದ ಎರಡು ಹಂದಿ ಹೊಡೆದೆ. ಎರಡಕ್ಕೆ ಎರಡೇ ಗುಂಡು. ದೊಡ್ಡದರ ಕೋರೆ ಇಷ್ಟುದ್ದ ಇದ್ದವು. ಸವಣೂರಿನ ಮಲ್ಲಿಕಸಾಬನಿಗೆ ಕಣ್ಣು ಮಂಜಾಗಿದೆ, ಅವನ ಮಾತು ಗಣನೆಗೆ ತೆಗೆದುಕೊಳ್ಳಬೇಡಿ. ಇಂಥ ಕಾರ್ಬೈನು ಶಿಗ್ಗಾಂವಿ ತಾಲೂಕಿನಲ್ಲೇ ಇಲ್ಲ ಎಂದು ಜನ ಮಾತಾಡುತ್ತಿದ್ದಾರೆ.

ಇಷ್ಟು ಸಾಕೇ ಎಂದು ಶಿವಬಸವ್ವನನ್ನು ಕೇಳಿದೆ. ಪಕ್ಕದಲ್ಲೇ ಕೂತಿದ್ದಾಳೆ. ಇನ್ನೊಂದು ಸಾಲು ಬರೆಯಿರಿ ಎಂದಳು. ಆದ್ದರಿಂದ ಬರೆಯುತ್ತೇನೆ: ನಿಮ್ಮಂಥ ಬೀಗರು ಸಿಕ್ಕದ್ದು ನಮ್ಮ ಪುಣ್ಯ.

ಹೊಳೆವ್ವ ಬಸುರಿಯಾಗಿರುವ ಸುದ್ದಿ ಬೇರೆಯವರ ಬಾಯಿಂದ ತಿಳಿಯಿತು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಬರಲು ಅಪ್ಪಣೆ ಕೊಡಬೇಕು.

ನಿಮ್ಮ ವಿಧೇಯ ಬೀಗ,
ಶಿದ್ಲಿಂಗಪ್ಪ


ತಿಳವಳ್ಳಿ
14-1-1980

ಪ್ರಿಯ ಬೀಗರೇ,

ಸಂಕ್ರಾಂತಿಯ ಶುಭಾಶಯಗಳು. ನಿಮ್ಮ ಪತ್ರವನ್ನು ಕಟ್ಟೆಯ ಮೇಲೆ ಮೂರು ಸಲ ಓದಿದೆ. ಇದೇ ಕಟ್ಟೆಯಲ್ಲಿ ನಿಮ್ಮ ಹಿಂದಿನ ಪತ್ರವನ್ನೂ ಓದಿದ್ದೆನಾದ್ದರಿಂದ ಲೆಕ್ಕ ಚುಕ್ತಾ ಆಯಿತು. ಮಂದಿ ಕೇಳಿದ್ದು ಒಂದೇ: “ಹಂದಿ ಕೋರಿ ಎಲ್ಲೈತ್ರಿ ಹವಾಲ್ದಾರ?” ದೊಡ್ಡ ಹಂದಿಯ ಕೋರೆಯನ್ನು ತಪ್ಪದೆ ತನ್ನಿರಿ. ಪಡಸಾಲೆಯ ಗೋಡೆಗೆ ಮೊಳೆ ಹೊಡೆಸಿ ಇಟ್ಟಿದ್ದೇನೆ.

ಕುಬಸಕ್ಕೆ ಫೆಬ್ರವರಿ ಹದಿನೇಳು, ಭಾನುವಾರ ಗೊತ್ತು ಮಾಡಿದ್ದೇವೆ. ಆ ದಿನ ಕಾರ್ಬೈನು ನಮ್ಮ ಅಂಗಳಕ್ಕೆ ಬರಬೇಕು. ಹೊಳೆವ್ವ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಾಗ ಅವಳ ಪಕ್ಕದಲ್ಲೇ ನಿಂತು ಮೂರು ಗುಂಡು ಹಾರಿಸುವುದು ನಮ್ಮ ಮನೆಯ ರೂಢಿ. ಮೈಲಾರಪ್ಪನೇ ಹಾರಿಸಲಿ, ಅವನಿಗೂ ಧೈರ್ಯ ಬರಲಿ. ಊರಿಗೆಲ್ಲ ಹೇಳಿಯಾಗಿದೆ. ಗುಂಡು ಹಾರಿದ ಮೇಲೆ ಮಗಳನ್ನು ಸಂತೋಷದಿಂದ ಕರೆದುಕೊಂಡು ಹೋಗಿರಿ.

ಬಂದೂಕು ಬರದಿದ್ದರೆ ಆ ಹಂದಿಗಳ ಮಾತನ್ನೂ ನಾನು ನಂಬಲಾರೆ. ತಿಳಿಯಿತಲ್ಲ.

ನಿಮ್ಮ,
ಗುದ್ಲೆಪ್ಪ


ಸವಣೂರ
4-2-1980

ಹಿರೇಬೆಂಡಿಗೇರಿಯ ಶಿದ್ಲಿಂಗಪ್ಪನವರಿಗೆ ಮಲ್ಲಿಕಸಾಬನ ಸಲಾಂ. ಈ ಪತ್ರವನ್ನು ನಾನು ಹೇಳಿದಂತೆ ಮಗ ಮಜೀದ ಬರೆಯುತ್ತಿದ್ದಾನೆ.

ಚುನಾವಣೆಯ ಕಾಯದೆಯಂತೆ ಠಾಣೆಗೆ ಒಪ್ಪಿಸಿ, ಅದು ಮುಗಿದ ಮೇಲೆ ವಾಪಸು ತಂದ ಬಂದೂಕನ್ನು ನೀವು ನನ್ನ ಅಂಗಡಿಯಲ್ಲಿ ಬಿಟ್ಟು, “ಗುರಿ ಬ್ಯಾಡ, ಆಕಾಶಕ್ಕ ಮೂರು ಗುಂಡು ಹಾರಿದ್ರ ಸಾಕು” ಎಂದು ಹೇಳಿ ಹೋದಿರಿ. ಪೂರ್ತಿ ಬಿಚ್ಚಿ ನೋಡಿದೆ. ಕಾಡತೂಸು ಕೂರುವ ಜಾಗದಲ್ಲಿ ನಳಿಗೆಗೆ ಉದ್ದಕ್ಕೆ ಬಿರುಕು ಬಿದ್ದಿದೆ. ಹೋದ ಸಲ ಬಿಚ್ಚಿರಲಿಲ್ಲ, ಅದಕ್ಕೇ ನನಗೆ ಕಾಣಿಸಿರಲಿಲ್ಲ. ಹಾರದಿದ್ದರೆ ಒಳ್ಳೆಯದು. ಹಾರಿದರೆ ಹಿಡಿದವನ ಮುಖಕ್ಕೇ ಒಡೆಯುತ್ತದೆ, ಪಕ್ಕದಲ್ಲಿ ಇದ್ದವರೂ ಉಳಿಯುವುದಿಲ್ಲ. ಇದಕ್ಕೆ ರಿಪೇರಿ ಇಲ್ಲ. ನಾನು ಕೈ ಹಚ್ಚುವುದಿಲ್ಲ.

ರಿಪೇರಿ ಆಗದಿದ್ದರೆ ಬೀಗರಿಗೆ ಹೇಗೆ ಹೇಳಲಿ ಎಂದು ಬಿಟ್ಟು ಹೋಗುವಾಗಲೇ ಕೇಳಿದಿರಿ. ನನಗೆ ಬಂದೂಕು ಗೊತ್ತು, ಬೀಗರು ಗೊತ್ತಿಲ್ಲ. ಖಾಲಿ ಬಂದೂಕು ಒಯ್ದು, ಕಾಡತೂಸು ಮರೆತೆ ಎಂದುಬಿಡಿ.

ಮಲ್ಲಿಕಸಾಬ


ತಿಳವಳ್ಳಿ
19-2-1980

ಶಿದ್ಲಿಂಗಪ್ಪನವರಿಗೆ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ಮೊನ್ನೆ ನೀವು ನನಗೆ ಮಾಡಿದ ಅವಮಾನವನ್ನು ವೈರಿಯೂ ಮಾಡುವುದಿಲ್ಲ.

ಕೋರೆ ಎಲ್ಲಿ ಎಂದರೆ ನಾಯಿ ಒಯ್ದಿತು ಎಂದಿರಿ. ನುಂಗಿಕೊಂಡೆ. ಕಾಡತೂಸು ಎಲ್ಲಿ ಎಂದರೆ ಮರೆತು ಬಂದೆ ಎಂದಿರಿ. ಅದಕ್ಕೆ ಮದ್ದು ನನ್ನ ಟ್ರಂಕಿನಲ್ಲಿತ್ತು. ಹಳೆಯ ಕಾಡತೂಸುಗಳನ್ನು ನಾನು ಹೊರಗೆ ತಂದದ್ದೇ ತಡ, ನಿಮ್ಮ ಮುಖ ಬೂದಿಯಾಯಿತು. ಮೈಲಾರಪ್ಪ ಬಂದೂಕಿಗೆ ಕೈ ಚಾಚಿದಾಗ, ಹೆಣ್ಣುಮಕ್ಕಳು ಸೋಬಾನೆ ಹಾಡುತ್ತಿರುವಾಗ, ಊರ ಹಿರಿಯರು ಕೂತಿರುವಾಗ, ನೀವು ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿಕೊಂಡಿರಿ: “ಹಾರಿಸಬ್ಯಾಡ್ರಿ! ಒಡೀತೈತಿ! ಹಂದಿ ಹೊಡದದ್ದು ಸುಳ್ಳ, ಬರದದ್ದೆಲ್ಲಾ ಸುಳ್ಳ!”

ಇಷ್ಟು ವರ್ಷ ಮಿಲಿಟರಿಯಲ್ಲಿದ್ದವನು ನಾನು. ನನ್ನ ವಸ್ತು ಒಡೆಯುತ್ತದೆ ಎಂದರೆ ಸುಮ್ಮನಿರಬೇಕೇ? ನಿಮ್ಮನ್ನು ದೂಡಿ ನಾನೇ ಕಸಿದುಕೊಂಡೆ. ಎಳೆದೆ. ಹಾರಲಿಲ್ಲ. ಮತ್ತೆ ಎಳೆದೆ. ಮೂರನೇ ಸಲ ಎಳೆದಾಗ ಸೋಬಾನೆ ನಿಂತಿತ್ತು, ಆ ‘ಟಕ್’ ಇಡೀ ಅಂಗಳಕ್ಕೆ ಕೇಳಿಸಿತು. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಯಾರೆಂದು ಇನ್ನೂ ಗೊತ್ತಾಗಿಲ್ಲ.

ಆಗ ನಾನು ಹೇಳಿದ್ದು ನಿಜ, ಹೊಳೆವ್ವನನ್ನು ಕಳಿಸುವುದಿಲ್ಲ ಎಂದೆ. ಯಾವ ಮಾವನಾದರೂ ಅದನ್ನೇ ಹೇಳುತ್ತಿದ್ದ. ಆದರೆ ಯಾವ ಸೊಸೆಯೂ ಅವಳು ಮಾಡಿದ್ದನ್ನು ಮಾಡುವುದಿಲ್ಲ. ಉಡಿ ತುಂಬಿಸಿಕೊಂಡವಳು ಮಣೆಯಿಂದ ಎದ್ದಳು. “ಅಪ್ಪನ ಕೂಡ ಹೊಂಟೇನ್ರಿ ಮಾವಾರ. ಹಡದು ಬರ್ತೇನಿ” ಎಂದಳು. ದನಿ ಎತ್ತಲೂ ಇಲ್ಲ. ಅವಳನ್ನು ತಡೆಯಿರಿ ಎಂದು ಮನೆಯವರಿಗೆ ಹೇಳುವಷ್ಟರಲ್ಲಿ, ಈ ಮನೆಯಲ್ಲಿ ಇಷ್ಟು ವರ್ಷ ತಲೆ ಎತ್ತದಿದ್ದ ಹಿರಿಯ ಸೊಸೆ ಮಂಜವ್ವ ಒಳಗಿನಿಂದ ಅವಳ ಬಟ್ಟೆಯ ಗಂಟು ತಂದು, ತಾನೇ ತಲೆಯ ಮೇಲೆ ಹೊತ್ತು, ಬಸ್ಸು ನಿಲ್ಲುವ ಕಡೆಗೆ ಮುಂದೆ ನಡೆದಳು. ನನ್ನ ಮಗ ಮೈಲಾರಪ್ಪ ನೋಡುತ್ತ ನಿಂತಿದ್ದ. ಆಮೇಲೆ ಅವನೂ ಚಪ್ಪಲಿ ಮೆಟ್ಟಿದ.

ನೀವು ಕಾರ್ಬೈನು ಹೆಗಲಿಗೆ ಹಾಕಿಕೊಂಡು ಎಲ್ಲರ ಹಿಂದೆ ಹೋದಿರಿ. ಅದು ನಿಮ್ಮ ಮನೆಯಲ್ಲೇ ಕೊಳೆಯಲಿ. ನಮಗೂ ನಿಮಗೂ ಮುಗಿಯಿತು.

ಗುದ್ಲೆಪ್ಪ


ಹಿರೇಬೆಂಡಿಗೇರಿ
27-4-1980

ಗುದ್ಲೆಪ್ಪನವರಿಗೆ ಶಿದ್ಲಿಂಗಪ್ಪ ಬರೆಯುವುದು.

ಎರಡು ತಿಂಗಳಿಂದ ಬರೆಯಬೇಕೆಂದು ಕೂರುತ್ತಿದ್ದೆ. ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇಂದೂ ಬರಬಹುದು. ಬಂದರೆ ಈ ಸಲ ಹರಿಯುವುದಿಲ್ಲ.

ಕುಬಸದ ಮರುದಿನದ ಮಾತು. ನೀವು ಹಾಕಿದ ಕಾಡತೂಸು ಬಂದೂಕಿನೊಳಗೇ ಇತ್ತು. ತೆಗೆಯಲು ಹೋದರೆ ಜಾಮಾಗಿ ಕೂತಿತ್ತು. ಮನೆಯಲ್ಲಿ ಬಸುರಿ ಮಗಳು. ಹಾಗೇ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಹೊಲಕ್ಕೆ ಒಯ್ದು ಬೇವಿನಮರಕ್ಕೆ ಹಗ್ಗದಿಂದ ಬಿಗಿದು ಕಟ್ಟಿದೆ. ಕುದುರೆಗೆ ಉದ್ದನೆಯ ದಾರ ಕಟ್ಟಿ, ನಾನೂ ಅಳಿಯನೂ ಒಡ್ಡಿನ ಹಿಂದೆ ಮಲಗಿ ಎಳೆದೆವು. ಟಕ್. ಮೈಲಾರಪ್ಪ ಹೋಗಿ ಮೊಳೆಯನ್ನು ಹಿಂದಕ್ಕೆ ಎಳೆದು ಬಂದ. ಮತ್ತೆ ಟಕ್. ಇದೇ ಆಟ ಎಷ್ಟೋ ಸಲ ನಡೆಯಿತು. ಅವನು ನಗತೊಡಗಿದ. ನಾನೂ ನಕ್ಕೆ. ಅವನು ಬಂದು ಮಲಗಿದ ಮೇಲೆ ಮತ್ತೊಮ್ಮೆ ಎಳೆದೆ. ಆಗ ಹಾರಿತು.

ಹೊಗೆ ಇಳಿದ ಮೇಲೆ ಎದ್ದು ಹೋಗಿ ನೋಡಿದೆವು. ನಳಿಗೆಯ ಬುಡ ಬಾಳೆಯ ಸಿಪ್ಪೆ ಬಿಚ್ಚಿದಂತೆ ಬಿಚ್ಚಿಕೊಂಡಿತ್ತು. ಒಂದು ಕಬ್ಬಿಣದ ತುಂಡು ಬೇವಿನಮರದಲ್ಲಿ ಹುಗಿದು ಹೋಗಿತ್ತು, ಇಕ್ಕಳ ಹಾಕಿ ಎಳೆದರೂ ಬರಲಿಲ್ಲ. ಮೈಲಾರಪ್ಪ ಆ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದ. “ಅಪ್ಪನ ಮುಖದ ಹಂತ್ಯಾಕ ಇತ್ತಲ್ಲರಿ ಮಾವಾರ. ಹೊಳೆವ್ವ ಬಾಜೂನ ಕುಂತಿದ್ಲು” ಎಂದ. ನಿಮ್ಮ ಮಗನಿಗೆ ಧೈರ್ಯವಿಲ್ಲ ಎನ್ನುತ್ತಿದ್ದಿರಲ್ಲ. ಅವನಿಗೆ ಇದ್ದದ್ದು ನಿಮ್ಮ ಹೆದರಿಕೆ.

ನಿಮ್ಮ ಮೇಲೆ ನನಗೆ ಅಸಹ್ಯವಿದೆ ಬೀಗರೇ. ಮುಚ್ಚಿಟ್ಟು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಕುಂಟ ಎತ್ತು ಕೊಟ್ಟದ್ದಕ್ಕಲ್ಲ, ಕೊಯ್ದ ಬಂದೂಕು ಕೊಟ್ಟದ್ದಕ್ಕೂ ಅಲ್ಲ. ಕೊಟ್ಟದ್ದು ಕೆಟ್ಟದಾಗಿತ್ತು ಎಂಬ ಒಂದು ಮಾತು ಕೇಳಲಾರದೆ ಒಬ್ಬ ಹೆಣ್ಣುಮಗಳ ಕೂಸನ್ನು ತಿಂದಿರಿ. ಇನ್ನೊಬ್ಬಳನ್ನು ತಿನ್ನಲು ಕೂತಿದ್ದಿರಿ. ಆ ಬಂದೂಕು ಹಾರುವುದಿಲ್ಲ ಎಂದು ತಿಂಗಳುಗಟ್ಟಲೆ ಉಗಿದವನು ನಾನು. ಆ ದಿನ ನಿಮ್ಮ ಅಂಗಳದಲ್ಲಿ ಅದು ಮೂರು ಸಲ ಹಾರದೆ ಉಳಿದದ್ದಕ್ಕೆ, ಬೇವಿನಮರದ ಬುಡದಲ್ಲಿ ಬಿದ್ದ ಅದರ ಚೂರುಗಳಿಗೆ ಬಗ್ಗಿ ಕೈಮುಗಿದೆ. ಚೂರುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಶಿಗ್ಗಾಂವಿಯ ಠಾಣೆಗೆ ಒಪ್ಪಿಸಿದ್ದೇನೆ. ಫೌಜದಾರರು, “ಏನ ಹೊಡಿಯಾಕ ಹೋಗಿದ್ರಿ?” ಎಂದು ಕೇಳಿದರು. ಬೇವಿನಮರ ಎಂದೆ. ಗುರಿ ತಪ್ಪಲಿಲ್ಲ ಬಿಡಿ ಎಂದರು.

ಹೊಳೆವ್ವ ಮೊನ್ನೆ ಗುರುವಾರ ಹಡೆದಳು. ಬ್ಯಾನಿ ಶುರುವಾದ ಕೂಡಲೇ ಬಂಡಿ ಹೂಡಿ ಶಿಗ್ಗಾಂವಿಯ ದವಾಖಾನೆಗೆ ಒಯ್ದೆವು. ಕೂಸು ಅಡ್ಡ ತಿರುಗಿತ್ತಂತೆ. ಮನೆಯಲ್ಲಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹಣೆ ನಿಮ್ಮದೇ, ಏನು ಮಾಡುವುದು.

ಮೇ ಹನ್ನೊಂದಕ್ಕೆ ತೊಟ್ಟಿಲು ಹಾಕುತ್ತೇವೆ. ನಮಗೂ ನಿಮಗೂ ಮುಗಿಯಿತು ಎಂದು ಬರೆದಿದ್ದಿರಿ. ಆ ಕೂಸಿಗೆ ಇನ್ನೂ ಶುರುವೇ ಆಗಿಲ್ಲ, ಅದಕ್ಕೆ ಅಜ್ಜ ಬೇಕು. ಬನ್ನಿರಿ. ಬರುವಾಗ ಮಂಜವ್ವನನ್ನು ಕರೆದುಕೊಂಡು ಬನ್ನಿರಿ. ಬೇರೆ ಏನನ್ನೂ ತರಬೇಡಿರಿ.

ನಿಮ್ಮ ಬೀಗ,
ಶಿದ್ಲಿಂಗಪ್ಪ